ಟೆನೆಸಿ 1920: ಅಮ್ಮನ ಪತ್ರದ ಕಥೆ ಎಲ್ಲರಿಗೂ ಗೊತ್ತು, ಎದುರು ನಿಂತ ಹೆಂಗಸರ ಕಥೆ?

ಸುಮಾ_ನ್ಯಾಶ್‌ವಿಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ.

ನಾನು ಅಮೆರಿಕದ ಟೆನೆಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಇಲ್ಲಿನ ಪೌರತ್ವ ಸಿಕ್ಕಿ, ಮೊದಲ ಸಲ ವೋಟು ಹಾಕಿ ಮನೆಗೆ ಬಂದ ದಿನ ಮಗಳು ಕೇಳಿದಳು, "ಅಮ್ಮಾ, ಇಲ್ಲಿ ಹೆಂಗಸರಿಗೆ ವೋಟು ಯಾವಾಗ ಬಂತು?" ಅಂತ. "ನಮ್ಮ ಊರಲ್ಲೇ ಬಂತು ಕಣೇ, ಬಾ ತೋರಿಸ್ತೀನಿ" ಎಂದು ಆ ಶನಿವಾರವೇ ಹರ್ಮಿಟೇಜ್ ಹೋಟೆಲಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಗುಡ್ಡ ಹತ್ತಿದರೆ ಕ್ಯಾಪಿಟಲ್ ಕಟ್ಟಡ, ಅಂದರೆ ರಾಜ್ಯದ ಶಾಸನಸಭೆ. 1920ರ ಆಗಸ್ಟ್‌ನಲ್ಲಿ ಇಡೀ ದೇಶದ ಕಣ್ಣು ಈ ಎರಡು ಕಟ್ಟಡಗಳ ಮೇಲಿತ್ತು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹೆಂಗಸರಿಗೆ ವೋಟು ಕೊಡುವ ಸಂವಿಧಾನದ 19ನೇ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಗಿದ್ದು 1919ರ ಜೂನ್‌ನಲ್ಲಿ. ಆಗ ಇದ್ದದ್ದು 48 ರಾಜ್ಯ. ಅದರಲ್ಲಿ 36 ರಾಜ್ಯ ಒಪ್ಪಬೇಕಿತ್ತು. 1920ರ ಮಾರ್ಚ್ ಹೊತ್ತಿಗೆ 35 ಒಪ್ಪಿಯಾಗಿತ್ತು. ಇನ್ನೊಂದೇ ಬಾಕಿ. ಟೆನೆಸಿಯ ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಆಗಸ್ಟ್ 9ಕ್ಕೆ ವಿಶೇಷ ಅಧಿವೇಶನ ಕರೆದರು. ಪರವಾಗಿದ್ದವರು ಎದೆಗೆ ಹಳದಿ ಗುಲಾಬಿ ಸಿಕ್ಕಿಸಿಕೊಂಡರು, ವಿರೋಧಿಗಳು ಕೆಂಪು ಗುಲಾಬಿ. ಎರಡೂ ಪಾಳೆಯದವರು ಬಿಡಾರ ಹೂಡಿದ್ದು ಇದೇ ಹರ್ಮಿಟೇಜ್‌ನಲ್ಲಿ.

ಮೇಲ್ಮನೆಯಲ್ಲಿ 25ಕ್ಕೆ 4ರಂತೆ ಸಲೀಸಾಗಿ ಆಯಿತು. ಕೆಳಮನೆಯಲ್ಲಿ ಆಗಸ್ಟ್ 18ರಂದು ಸಿಕ್ಕಿಹಾಕಿಕೊಂಡಿತು. ಹ್ಯಾರಿ ಬರ್ನ್ ಎಂಬ 24 ವರ್ಷದ ಹುಡುಗ, ನಯೋಟಾ ಎಂಬ ಸಣ್ಣ ಊರಿನವನು, ಕೋಟಿಗೆ ಕೆಂಪು ಗುಲಾಬಿ ಇಟ್ಟುಕೊಂಡೇ ಕೂತಿದ್ದ. ಜೇಬಿನಲ್ಲಿ ಅಮ್ಮ ಫೆಬ್ ಬರ್ನ್ ಬರೆದ ಏಳು ಪುಟದ ಪತ್ರ. ಮನೆ ಸುದ್ದಿ, ಊರ ಸುದ್ದಿಯ ನಡುವೆ ಆಕೆ ಬರೆದಿದ್ದರು: ಹೆಂಗಸರ ಪರ ವೋಟು ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ, ಒಳ್ಳೆಯ ಹುಡುಗನಾಗಿ ಮಿಸೆಸ್ ಕ್ಯಾಟ್‌ಗೆ (ವೋಟಿನ ಹೋರಾಟದ ಮುಂದಾಳು) ಸಹಾಯ ಮಾಡು. ಹೆಸರು ಕೂಗಿದಾಗ ಬರ್ನ್ "ಆಯ್" ಎಂದ, ಅಂದರೆ ಒಪ್ಪಿಗೆ. ಕೊನೆಗೆ 49–47. ಮುಗಿಯಿತು.

ಈ ಕಥೆ ಎಲ್ಲ ಕಡೆ ಇದೆ. ನನ್ನ ಮಗಳಿಗೂ ಶಾಲೆಯಲ್ಲಿ ಹೇಳಿದ್ದಾರೆ. ಅವಳಿಗೆ ತುಂಬಾ ಇಷ್ಟ. ಅಮ್ಮನ ಮಾತು ಕೇಳಿದ ಮಗ, ದೇಶಕ್ಕೇ ಒಳ್ಳೆಯದಾಯಿತು.

ಆದರೆ ಅದೇ ಹೋಟೆಲಿನಲ್ಲಿ, ಇದ್ದುದರಲ್ಲೇ ಅಗ್ಗದ ಕೋಣೆ ಹಿಡಿದು ಇನ್ನೊಬ್ಬರು ಇದ್ದರು. ಅವರ ಹೆಸರು ಜೋಸೆಫಿನ್ ಪಿಯರ್ಸನ್. ಮಾಂಟೀಗಲ್ ಎಂಬ ಬೆಟ್ಟದ ಊರಿನವರು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಡೀನ್ ಆಗಿದ್ದವರು, ಬಹಳ ಓದಿದವರು. ಟೆನೆಸಿಯಲ್ಲಿ ಹೆಂಗಸರಿಗೆ ವೋಟು ಬೇಡ ಎನ್ನುವ ಸಂಘಕ್ಕೆ 1917ರಿಂದ ಅವರೇ ಅಧ್ಯಕ್ಷೆ. ಯಾಕೆ ಗೊತ್ತಾ? 1915ರಲ್ಲಿ ಅವರ ಅಮ್ಮ ತೀರಿಕೊಂಡರು. ಸಾಯುವ ಮುಂಚೆ ಮಗಳಿಂದ ಮಾತು ತೆಗೆದುಕೊಂಡಿದ್ದರು. ಈ ವೋಟಿನ ಹಕ್ಕು ಟೆನೆಸಿಗೆ ಬಂದರೆ ನೀನು ಅದರ ವಿರುದ್ಧ ಹೋರಾಡಬೇಕು ಅಂತ.

ಅಂದರೆ ಆ ಹೋಟೆಲಿನಲ್ಲಿ, ಆ ವಾರದಲ್ಲಿ, ಎರಡು ಅಮ್ಮಂದಿರ ಮಾತು ನಡೆಯುತ್ತಿತ್ತು. ಒಂದು ಪತ್ರದ ಮಾತು, ಒಂದು ಕೊನೆಯುಸಿರಿನ ಮಾತು. ಇಬ್ಬರು ಮಕ್ಕಳೂ ಅಮ್ಮನ ಮಾತನ್ನೇ ನಡೆಸಿದರು. ಒಂದನ್ನು ಮಾತ್ರ ನಾವು ಮಕ್ಕಳಿಗೆ ಹೇಳುತ್ತೇವೆ.

ನಮ್ಮ ಮನೆಯಲ್ಲೂ ಒಬ್ಬರು ಪಿಯರ್ಸನ್ ಇದ್ದರು. ನಮ್ಮಪ್ಪನ ಅಕ್ಕ. ದಿನಾ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದರು. ಓಣಿಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದುದೂ ಅವರೇ. ನನ್ನನ್ನು ಕಾಲೇಜಿಗೆ ಕಳಿಸಬೇಡಿ ಎಂದು ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಹಟ ಹಿಡಿದಿದ್ದೂ ಅವರೇ. ಹಾಗಾಗಿ ಪಿಯರ್ಸನ್ ಬಗ್ಗೆ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ಗುರುತು ಸಿಕ್ಕ ಹಾಗಾಯಿತು.

ವಿರೋಧಿಸಿದ ಹೆಂಗಸರು ಏನು ಹೇಳುತ್ತಿದ್ದರು ಎಂದು ಕಿವಿಗೊಟ್ಟು ಕೇಳದೆ ಈ ಗೆಲುವು ಪೂರ್ತಿ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ನಿಮಗೇನನಿಸುತ್ತದೆ?

ಹಾಸನದ_ಚೇತನ್

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಒಪ್ಪಲಾರೆ. ಆ ಹೆಂಗಸರು ಬರೀ ಮುಂದಿನ ಪರದೆ. ಹಿಂದೆ ಇದ್ದದ್ದು ದುಡ್ಡು. ಎಲ್ ಅಂಡ್ ಎನ್ ರೈಲ್ವೆ ಕಂಪನಿ, ಹೆಂಡದ ವ್ಯಾಪಾರಿಗಳು, ಬಟ್ಟೆ ಗಿರಣಿ ಮಾಲೀಕರು. ಹೆಂಗಸರು ವೋಟು ಹಾಕಿದರೆ ಗಿರಣಿಯಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ತಡೆ ಬೀಳುತ್ತದೆ, ಪಾನನಿರೋಧ ಗಟ್ಟಿಯಾಗುತ್ತದೆ ಎಂಬ ಹೆದರಿಕೆ ಅವರಿಗೆ. ಕೆಳಮನೆಯ ಸ್ಪೀಕರ್ ಸೆತ್ ವಾಕರ್ ಮೊದಲು ಪರವಾಗಿದ್ದು, ಕೊನೇ ಗಳಿಗೆಯಲ್ಲಿ ತಿರುಗಿ ನಿಂತ. ಅವನು ರೈಲ್ವೆ ಕಂಪನಿಯ ವಕೀಲ. ಅದೇ ಹರ್ಮಿಟೇಜ್‌ನ ಎಂಟನೇ ಮಹಡಿಯಲ್ಲಿ ಶಾಸಕರಿಗೆ ಪುಕ್ಕಟೆ ವಿಸ್ಕಿ ಸುರಿಯುತ್ತಿದ್ದರಂತಲ್ಲ, ಅದೂ ಪಾನನಿರೋಧ ಇದ್ದ ರಾಜ್ಯದಲ್ಲಿ!

ಪಿಯರ್ಸನ್ ಅವರಿಗೆ ಅಷ್ಟೊಂದು ಜಾಗ ಕೊಟ್ಟರೆ ಈ ದುಡ್ಡಿನ ಕಥೆ ಮರೆಯಾಗುತ್ತದೆ ಅಲ್ವಾ?

ನಿವೃತ್ತ_ಮೇಷ್ಟ್ರು

ಚೇತನ್ ಅವರು ಹೇಳಿದ ದುಡ್ಡಿನ ವಿಷಯ ನಿಜ. ಆದರೆ ಹೆಂಗಸರು ಬರೀ ಪರದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪರದೆ ಅಂದ ಕೂಡಲೇ ಅವರಿಗೆ ಬುದ್ಧಿ ಇರಲಿಲ್ಲ ಎಂದಂತಾಗುತ್ತದೆ. ವಿರೋಧಿ ಗಂಡಸರು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ?

ಜಾನ್ ವರ್ಟ್ರೀಸ್ ಎಂಬ ನ್ಯಾಶ್‌ವಿಲ್ ವಕೀಲ 1916ರಲ್ಲಿ ಟೆನೆಸಿಯ ಗಂಡಸರನ್ನು ಉದ್ದೇಶಿಸಿ ಒಂದು ಕಿರುಹೊತ್ತಿಗೆ ಹಂಚಿದ. ಹೆಂಗಸರಿಗೆ ವೋಟು ಬೇಕಾಗಿದೆ ಎಂದು ನಾನು ನಂಬುವುದಿಲ್ಲ, ಬೇಕಾಗಿದ್ದರೂ ಅದು ಅವರ ಇಷ್ಟದ ಪ್ರಶ್ನೆಯಲ್ಲ, ತೀರ್ಮಾನ ಮಾಡಬೇಕಾದವರು ಗಂಡಸರು ಮಾತ್ರ ಎಂಬುದು ಅದರ ತಿರುಳು. ಯುದ್ಧಕ್ಕೆ ಹೋಗಲಾರದವರಿಗೆ ವೋಟು ಯಾಕೆ ಎಂದೂ ವಾದಿಸಿದ. ಅವನ ಹೆಂಡತಿ ವರ್ಜೀನಿಯಾ ಅವರೇ ಪಿಯರ್ಸನ್‌ಗಿಂತ ಮುಂಚೆ ಆ ಸಂಘದ ಅಧ್ಯಕ್ಷೆ.

ಒಂದು ವಿಚಿತ್ರ ಗಮನಿಸಿ. ಹೆಂಗಸರು ರಾಜಕೀಯಕ್ಕೆ ಬರಬಾರದು ಎಂದು ಹೇಳಲು ಈ ಹೆಂಗಸರು ಸಂಘ ಕಟ್ಟಿದರು, ಚಂದಾ ಎತ್ತಿದರು, ವೇದಿಕೆ ಹತ್ತಿ ಭಾಷಣ ಮಾಡಿದರು, ಶಾಸಕರ ಬೆನ್ನು ಹತ್ತಿದರು. ಆಗಸ್ಟ್ 19ಕ್ಕೆ ರೈಮನ್ ಸಭಾಂಗಣದಲ್ಲಿ ದೊಡ್ಡ ಸಭೆ ನಡೆಸಿದರು. ರಾಜಕೀಯ ಅಂದರೆ ಇನ್ನೇನು?

ಇನ್ನು ಆ ದಿನದ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸುಮಾ ಅವರು ಬೇಗ ದಾಟಿಬಿಟ್ಟರು. ಸದಸ್ಯರು 99, ಹಾಜರಿದ್ದವರು 96. ವಾಕರ್ ಸ್ಪೀಕರ್ ಪೀಠದಿಂದ ಇಳಿದು ಬಂದು, ಇದನ್ನು ಬದಿಗಿಟ್ಟು ಮುಗಿಸೋಣ ಎಂಬ ಗೊತ್ತುವಳಿ ತಂದ. ಲೆಕ್ಕ 48–48. ಮತ್ತೆ ಎಣಿಸಿ ಎಂದ. ಮತ್ತೆ 48–48. ಬ್ಯಾಂಕ್ಸ್ ಟರ್ನರ್ ಎಂಬ ಶಾಸಕ ವಾಕರ್‌ನ ಒತ್ತಾಯಕ್ಕೆ ಬಗ್ಗದೆ ನಿಂತಿದ್ದರಿಂದ ಸಮಬಲವಾಯಿತು. ಸಮಬಲ ಆದರೆ ಗೊತ್ತುವಳಿ ಬಿದ್ದಂತೆ. ಹ್ಯಾರಿ ಬರ್ನ್ ಈ ಎರಡು ಸಲವೂ ವಿರೋಧಿಗಳ ಜೊತೆಗೇ ಇದ್ದ. ಆಮೇಲೆ ಮೂಲ ತಿದ್ದುಪಡಿಗೇ ವೋಟು ಬಂದಾಗ "ಆಯ್" ಎಂದ. ಮೊದಲು ಹೆಸರು ಕೂಗಿದಾಗ ಸುಮ್ಮನಿದ್ದ ಟರ್ನರ್ ಕೊನೆಯಲ್ಲಿ ಎದ್ದು ತಾನೂ "ಆಯ್" ಎಂದ. ಟರ್ನರ್ ಇಲ್ಲದಿದ್ದರೆ ಬರ್ನ್ ಒಬ್ಬನಿಂದ ಆಗುತ್ತಿರಲಿಲ್ಲ. ಅವನಿಗೆ ಅಮ್ಮನ ಪತ್ರ ಬಂದಿರಲಿಲ್ಲ, ಹಾಗಾಗಿ ಹೆಸರೂ ಉಳಿಯಲಿಲ್ಲ ಪಾಪ.

ಹುಬ್ಬಳ್ಳಿ_ವಿದ್ಯಾ

ಮೇಷ್ಟ್ರೇ, ಭಾಳ ಚಂದ ಹೇಳಿದಿರಿ. ನಾನು ರಾಜ್ಯಶಾಸ್ತ್ರ ಓದುತ್ತಿದ್ದೇನೆ. ನನಗೆ ತಿಳಿಯದೆ ಇರುವುದು ಒಂದೇ. ಓದಿದ ಹೆಂಗಸರು, ಕಾಲೇಜಿನಲ್ಲಿ ಕಲಿಸಿದವರು, ತಮಗೇ ಸಿಗುವ ಹಕ್ಕನ್ನು ಬೇಡ ಅನ್ನುವಷ್ಟು ಯಾವುದಕ್ಕೆ ಹೆದರಿದ್ದರು? ಸಂಸಾರ ಕೆಡುತ್ತದೆ ಅಂತಲಾ?

ಸುಮಾ_ನ್ಯಾಶ್‌ವಿಲ್

ವಿದ್ಯಾ, ಸರಿಯಾದ ಜಾಗಕ್ಕೆ ಬಂದೆಯಮ್ಮ. ಹೊರಗೆ ಕಾಣುವುದು ಸಂಸಾರದ ಮಾತು. ಒಳಗಿದ್ದದ್ದು ಬೇರೆ.

ಎರಡು ಚಿತ್ರಗಳ ಬಗ್ಗೆ ಹೇಳುತ್ತೇನೆ.

ಮೊದಲನೆಯದು ಒಂದು ಪೋಸ್ಟರ್. ದಕ್ಷಿಣದ ವಿರೋಧಿ ಹೆಂಗಸರ ಲೀಗ್ ನ್ಯಾಶ್‌ವಿಲ್‌ನಲ್ಲಿ ಹಂಚಿದ್ದು. ಒಂದು ಹುಂಜ ಮೊಟ್ಟೆಗಳ ಹತ್ತಿರ ಇದೆ, ಕೋಳಿ ಎದೆಗೆ ವೋಟಿನ ಪಟ್ಟಿ ಕಟ್ಟಿಕೊಂಡು ಹೊರಟಿದೆ. ಮೊಟ್ಟೆ ತಣ್ಣಗಾಗುತ್ತವಲ್ಲೇ ಎಂದು ಹುಂಜ ಕೇಳಿದರೆ, ನೀನೇ ಕಾವು ಕೂತುಕೋ, ನನ್ನನ್ನು ದೇಶ ಕರೆಯುತ್ತಿದೆ ಎನ್ನುತ್ತದೆ ಕೋಳಿ. ಇದು ನೀನು ಹೇಳಿದ ಸಂಸಾರದ ಹೆದರಿಕೆ. ಇದನ್ನು ನೋಡಿ ನಗಬಹುದು.

ಎರಡನೆಯದು ಒಂದು ಫೋಟೋ. ಅದನ್ನು ನೋಡಿ ನಗಲಾಗುವುದಿಲ್ಲ. ವಿರೋಧಿಗಳ ಕಚೇರಿಯಲ್ಲಿ ತೆಗೆದದ್ದು. ನಡುವೆ ಒಬ್ಬ ಮುದುಕ ಕೂತಿದ್ದಾನೆ. ಕಾನ್ಫೆಡರೇಟ್ ಸೇನೆಯಲ್ಲಿ ಹೋರಾಡಿದವನು. ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು 1861ರಿಂದ 1865ರವರೆಗೆ ಮಾಡಿದ ಯುದ್ಧದ ಹಳೆಯ ಸೈನಿಕ. ಒಂದು ಪಕ್ಕದಲ್ಲಿ ಲೀಗಿನ ಅಧ್ಯಕ್ಷೆ, ಅಲಬಾಮಾದ ನೀನಾ ಪಿಂಕಾರ್ಡ್. ಇನ್ನೊಂದು ಪಕ್ಕದಲ್ಲಿ ನಮ್ಮ ಪಿಯರ್ಸನ್. ಜೊತೆಗೆ ಬಾವುಟ. ನೆಲಕ್ಕೆ ತುಳಿದ ಸತ್ಯ ಮತ್ತೆ ಎದ್ದು ನಿಲ್ಲುತ್ತದೆ ಎಂದು ಪಿಯರ್ಸನ್ ಆ ಫೋಟೋಕ್ಕೆ ಬರೆದಿಟ್ಟಿದ್ದಾರೆ.

ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ವೋಟಿನ ವಿರುದ್ಧದ ಹೋರಾಟದಲ್ಲಿ ಐವತ್ತೈದು ವರ್ಷದ ಹಿಂದೆ ಸೋತ ಯುದ್ಧದ ಸೈನಿಕ ಯಾಕೆ ಬೇಕು? ಉತ್ತರ ಅವರ ಕರಪತ್ರಗಳಲ್ಲೇ ಇದೆ, ಮುಚ್ಚುಮರೆಯಿಲ್ಲದೆ. ದಕ್ಷಿಣದ ಗಂಡಸರೇ ಎಚ್ಚರ, ಹೆಂಗಸರ ವೋಟು ಅಂದರೆ ಕಪ್ಪು ಜನರ ವೋಟಿನ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ, ರಾಜ್ಯದ ಹಕ್ಕು ಹೋಗುತ್ತದೆ. ಅವರ ಹೆದರಿಕೆ ಅದು. ಪಿಯರ್ಸನ್‌ಗೆ ತಾನು ವೋಟು ಹಾಕುವ ಭಯ ಇರಲಿಲ್ಲ. ಕಪ್ಪು ಹೆಂಗಸೂ ಅದೇ ಸಾಲಿನಲ್ಲಿ ನಿಲ್ಲುತ್ತಾಳಲ್ಲ, ಅದರ ಭಯ.

ಚೇತನ್, ನೀವು ಹೇಳಿದ ದುಡ್ಡು ಖಂಡಿತ ಇತ್ತು. ಆದರೆ ದುಡ್ಡಿಗೆ ಶಾಸಕರನ್ನು ಕೊಳ್ಳಬಹುದು. ಅಗ್ಗದ ಕೋಣೆ ಹಿಡಿದು, ಆಗಸ್ಟ್ ಸೆಕೆಯಲ್ಲಿ ಬೆಂದು, ನಂಬಿಕೆಯಿಂದ ದುಡಿಯುವವರನ್ನು ದುಡ್ಡು ತಯಾರು ಮಾಡುವುದಿಲ್ಲ. ಅವರು ನಂಬಿದ್ದರು. ನನಗೆ ಭಯವಾಗುವುದು ಅದೇ.

ಅಟ್ಲಾಂಟಾ_ರಾಘು

ಸುಮಾ ಅವರ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ವಿದ್ಯಾಗೆ ಉಪಯೋಗವಾಗಬಹುದು.

1870ರ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಯಾರ ವೋಟನ್ನೂ ತಡೆಯಬಾರದು ಎಂದಿತು. ದಕ್ಷಿಣದ ರಾಜ್ಯಗಳು ಅದನ್ನು ಸುತ್ತುಬಳಸಿ ಮುರಿದವು. ತಲೆಗಂದಾಯ ಕಟ್ಟಿದವರಿಗೆ ಮಾತ್ರ ವೋಟು, ಓದಲು ಬಂದವರಿಗೆ ಮಾತ್ರ ವೋಟು, ಹೀಗೆ. ಬಣ್ಣ ಎಂಬ ಮಾತನ್ನೇ ಎತ್ತದೆ ಕಪ್ಪು ಗಂಡಸರನ್ನು ಹೊರಗಿಟ್ಟರು. 19ನೇ ತಿದ್ದುಪಡಿಯ ವಾಕ್ಯ ನೋಡಿ. 15ನೆಯದರ ಅಚ್ಚಿನಲ್ಲೇ ಎರಕ ಹೊಯ್ದಿದ್ದಾರೆ. ಕೊನೆಗೆ, ಇದನ್ನು ಜಾರಿ ಮಾಡುವ ಅಧಿಕಾರ ಸಂಸತ್ತಿಗೆ ಇದೆ ಎಂಬ ಸಾಲು. ದಕ್ಷಿಣದವರ ಕಣ್ಣು ಕುಕ್ಕಿದ್ದು ಆ ಒಂದು ಸಾಲು. ಇದನ್ನು ಜಾರಿ ಮಾಡಲು ದೆಹಲಿ ಬಂದರೆ (ವಾಷಿಂಗ್ಟನ್ ಅನ್ನಿ, ಬಾಯಿ ತಪ್ಪುತ್ತದೆ) ಹಳೆಯದನ್ನೂ ಜಾರಿ ಮಾಡಿಬಿಟ್ಟರೆ?

ಅದಕ್ಕೇ ದಕ್ಷಿಣದಲ್ಲಿ ಒಪ್ಪಿದ ರಾಜ್ಯಗಳು ಕೆಲವೇ. ಟೆಕ್ಸಾಸ್, ಅರ್ಕಾನ್ಸಾ, ಕೆಂಟಕಿ, ಆಮೇಲೆ ಟೆನೆಸಿ. ನಾನಿರುವ ಜಾರ್ಜಿಯಾ 1919ರ ಜುಲೈನಲ್ಲೇ ಬೇಡ ಎಂದು ತಿರಸ್ಕರಿಸಿತು, ದೇಶಕ್ಕೆ ಮೊದಲು. ತಿದ್ದುಪಡಿ ಜಾರಿಯಾದ ಮೇಲೂ 1920ರ ನವೆಂಬರ್ ಚುನಾವಣೆಯಲ್ಲಿ ಜಾರ್ಜಿಯಾ ಮತ್ತು ಮಿಸಿಸಿಪಿಯ ಹೆಂಗಸರು ವೋಟು ಹಾಕಲಿಲ್ಲ. ಹೆಸರು ನೋಂದಾಯಿಸುವ ಗಡುವು ದಾಟಿದೆ ಎಂದರು. ಜಾರ್ಜಿಯಾ ಕಾಗದದ ಮೇಲೆ ಒಪ್ಪಿದ್ದು 1970ರಲ್ಲಿ. ಮಿಸಿಸಿಪಿ 1984ರಲ್ಲಿ.

ಇನ್ನೊಂದು ಗಂಟು ಇದೆ. ವಿರೋಧಿಗಳ ಸಾಲಿನಲ್ಲಿ ಹೋರಾಟಗಾರ್ತಿಯರೂ ಇದ್ದರು! ಲೂಸಿಯಾನಾದ ಕೇಟ್ ಗಾರ್ಡನ್, ಕೆಂಟಕಿಯ ಲಾರಾ ಕ್ಲೇ. ಬದುಕಿಡೀ ಹೆಂಗಸರ ವೋಟಿಗೆ ದುಡಿದವರು. ಆದರೆ ಅದನ್ನು ರಾಜ್ಯವೇ ಕೊಡಬೇಕು, ಕೇಂದ್ರದ ತಿದ್ದುಪಡಿಯಿಂದ ಬರಬಾರದು ಎಂದು ನ್ಯಾಶ್‌ವಿಲ್‌ಗೇ ಬಂದು ವಿರೋಧಿಗಳ ಜೊತೆ ಕೈಜೋಡಿಸಿದರು. ಹಳದಿ ಗುಲಾಬಿ, ಕೆಂಪು ಗುಲಾಬಿ ಎಂದು ಎರಡೇ ಪಾಲು ಮಾಡಿದರೆ ಇವರನ್ನು ಎಲ್ಲಿ ಕೂರಿಸುತ್ತೀರಿ?

ಮೆಂಫಿಸ್_ಸವಿತಾ

ರಾಘು ಅವರ ಪ್ರಶ್ನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಸುಮಾ ಅವರೇ, ನಿಮ್ಮ ಬರಹ ಇಷ್ಟವಾಯಿತು. ಆದರೆ ಹಳದಿ ಗುಲಾಬಿಯವರೂ ಬಣ್ಣದ ವಿಷಯದಲ್ಲಿ ಚೊಕ್ಕವಾಗಿರಲಿಲ್ಲ.

ಫೆಬ್ ಬರ್ನ್ ಪತ್ರದಲ್ಲಿ ಬರುವ ಮಿಸೆಸ್ ಕ್ಯಾಟ್, ಅಂದರೆ ಇಡೀ ದೇಶದ ಹೋರಾಟದ ಮುಂದಾಳು ಕ್ಯಾರಿ ಚ್ಯಾಪ್‌ಮನ್ ಕ್ಯಾಟ್. ಹೆಂಗಸರಿಗೆ ವೋಟು ಕೊಟ್ಟರೆ ಬಿಳಿಯರ ಮೇಲುಗೈ ಕಡಿಮೆಯಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂದು ಬರೆದದ್ದು ಇದೇ ಕ್ಯಾಟ್. ದಕ್ಷಿಣದವರನ್ನು ಒಲಿಸಿಕೊಳ್ಳಲು ಆಡಿದ ಮಾತು ಎಂದು ಸಮರ್ಥಿಸುವವರು ಇದ್ದಾರೆ. ಇರಬಹುದು. ಆದರೆ ಆ ಮಾತಿನ ಭಾರ ಹೊತ್ತವರು ಯಾರು?

ನಾನಿರುವ ಮೆಂಫಿಸ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದವರು ಐಡಾ ಬಿ. ವೆಲ್ಸ್. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಬರೆದದ್ದಕ್ಕೆ 1892ರಲ್ಲಿ ಅವರ ಪತ್ರಿಕೆಯ ಕಚೇರಿ ಧ್ವಂಸ ಮಾಡಿದರು. ಅವರು ಮತ್ತೆ ಈ ಊರಿಗೆ ಬಂದು ನೆಲೆಸಲಾಗಲಿಲ್ಲ. 1913ರಲ್ಲಿ ವಾಷಿಂಗ್ಟನ್‌ನಲ್ಲಿ ಹೆಂಗಸರ ವೋಟಿನ ದೊಡ್ಡ ಮೆರವಣಿಗೆ ನಡೆದಾಗ, ಕಪ್ಪು ಹೆಂಗಸರು ಹಿಂದೆ ನಡೆಯಲಿ ಎಂದರು. ವೆಲ್ಸ್ ಒಪ್ಪಲಿಲ್ಲ. ತಮ್ಮ ಇಲಿನಾಯ್ ತಂಡದ ಸಾಲಿಗೆ ನಡುವೆ ಬಂದು ಸೇರಿಕೊಂಡು ನಡೆದರು.

ನೀವು ಎರಡು ಅಮ್ಮಂದಿರ ಕಥೆ ಹೇಳಿದಿರಿ. ಮೂರನೆಯದು ಬಿಟ್ಟುಹೋಗಿದೆ. ನಿಮ್ಮ ನ್ಯಾಶ್‌ವಿಲ್‌ನವರೇ ಆದ ಜೂನೋ ಫ್ರಾಂಕಿ ಪಿಯರ್ಸ್. ಅವರ ಅಮ್ಮ ನೆಲ್ಲಿ ಗುಲಾಮಗಿರಿಯಲ್ಲಿ ಬದುಕು ಕಂಡವರು.

1919ರ ಏಪ್ರಿಲ್‌ನಲ್ಲಿ ಟೆನೆಸಿ ಹೆಂಗಸರಿಗೆ ಊರಿನ ಚುನಾವಣೆ ಮತ್ತು ಅಧ್ಯಕ್ಷರ ಚುನಾವಣೆಗೆ ಮಾತ್ರ ವೋಟು ಕೊಟ್ಟಿತ್ತು. ಆಗ ಪಿಯರ್ಸ್ ಮತ್ತು ಡಾಕ್ಟರ್ ಮ್ಯಾಟಿ ಕೋಲ್ಮನ್ ಸೇರಿ ನ್ಯಾಶ್‌ವಿಲ್‌ನಲ್ಲಿ ಸುಮಾರು 2,500 ಕಪ್ಪು ಹೆಂಗಸರ ಹೆಸರು ನೋಂದಾಯಿಸಿದರು. ಕ್ಯಾಥರಿನ್ ಕೆನ್ನಿ ಎಂಬ ಬಿಳಿ ಹೋರಾಟಗಾರ್ತಿ ಅವರ ಜೊತೆ ನಿಂತರು. ಚರ್ಚಿನಿಂದ ಚರ್ಚಿಗೆ, ಮನೆಯಿಂದ ಮನೆಗೆ ಮಾಡಿದ ಕೆಲಸ. ಇದು ಆಗಸ್ಟ್ 1920ಕ್ಕೂ ಒಂದು ವರ್ಷ ಮುಂಚೆ.

1920ರ ಮೇ ತಿಂಗಳಲ್ಲಿ ಇದೇ ಕ್ಯಾಪಿಟಲ್ ಕಟ್ಟಡದಲ್ಲಿ, ಅದೇ ಕೆಳಮನೆಯ ಸಭಾಂಗಣದಲ್ಲಿ ಬಿಳಿ ಹೆಂಗಸರ ಸಮ್ಮೇಳನ ನಡೆಯಿತು. ಪಿಯರ್ಸ್ ಅಲ್ಲಿ ನಿಂತು ಮಾತಾಡಿದರು. ಕಪ್ಪು ಹೆಂಗಸರು ವೋಟು ತಗೊಂಡು ಏನು ಮಾಡುತ್ತಾರೆ ಎಂದು ಕೇಳುತ್ತೀರಲ್ಲ, ನಿಮ್ಮ ಜೊತೆ ನಿಲ್ಲುತ್ತೇವೆ, ನಾವು ಕೇಳುವುದು ಒಂದೇ, ನ್ಯಾಯವಾದ ವ್ಯವಹಾರ ಎಂದರು. ಆಮೇಲೆ ಬೇಕಾದ್ದನ್ನು ಹೆಸರಿಟ್ಟು ಕೇಳಿದರು: ನಮ್ಮ ಹೆಣ್ಣುಮಕ್ಕಳಿಗೆ ಕಸುಬು ಕಲಿಸುವ ಸರ್ಕಾರಿ ಶಾಲೆ, ಮಕ್ಕಳ ಕಲ್ಯಾಣಕ್ಕೆ ಒಂದು ಇಲಾಖೆ. ಬೇಡಿಕೆಯ ಧ್ವನಿಯಲ್ಲ ಅದು, ವ್ಯವಹಾರದ ಧ್ವನಿ. ನಮ್ಮ ವೋಟು ಇಲ್ಲಿದೆ, ನಿಮ್ಮದೇನು ಅಂತ.

ಸುಮಾ_ನ್ಯಾಶ್‌ವಿಲ್

ಸವಿತಾ ಅವರೇ, ಬೇಜಾರಿಲ್ಲ. ತಪ್ಪು ನನ್ನದೇ. ಪಿಯರ್ಸ್ ಹೆಸರು ನನಗೆ ಗೊತ್ತಿತ್ತು. ಸೆಂಟೆನಿಯಲ್ ಪಾರ್ಕಿನಲ್ಲಿ 2016ರಲ್ಲಿ ನಿಲ್ಲಿಸಿದ ಐದು ಹೆಂಗಸರ ಪ್ರತಿಮೆಯಲ್ಲಿ ಅವರೂ ಇದ್ದಾರೆ, ಕ್ಯಾಟ್ ಅವರೂ ಇದ್ದಾರೆ, ಆನ್ ಡಾಲಸ್ ಡಡ್ಲಿ, ಆ್ಯಬಿ ಮಿಲ್ಟನ್, ಸ್ಯೂ ವೈಟ್ ಕೂಡ. ಎಷ್ಟು ಸಲ ಅವರ ಪಕ್ಕದಲ್ಲೇ ನಡೆದು ಹೋಗಿದ್ದೇನೆ. ಆದರೆ ಕಥೆ ಹೇಳುವಾಗ ಬಾಯಿಗೆ ಬಂದದ್ದು ಹ್ಯಾರಿ ಬರ್ನ್.

ನೀವು ಹೇಳಿದ ಮೇಲೆ ಒಂದು ಹೊಳೆಯಿತು. ಪಿಯರ್ಸನ್ ಹೆದರಿದ್ದು ಸುಳ್ಳು ಭೂತಕ್ಕಲ್ಲ. ಆ 2,500 ಹೆಂಗಸರು ಆಗಲೇ ಸಾಲಿನಲ್ಲಿ ನಿಂತಿದ್ದರು. ಪಿಯರ್ಸ್ ಏನು ಮಾಡಬಲ್ಲರು ಎಂಬುದನ್ನು ಬಿಳಿ ಗೆಳತಿಯರಿಗಿಂತ ಮೊದಲು ಅಳೆದವರು ವಿರೋಧಿಗಳು. ವಿರೋಧಿಗಳನ್ನು ಓದಬೇಕು ಎಂದು ನಾನು ಅಂದದ್ದು ಇದಕ್ಕೇ. ಗೆದ್ದವರು ಮರೆತ ಹೆಸರು ಅವರ ಭಯದಲ್ಲಿ ಸಿಗುತ್ತದೆ.

ಶಾಲೆಯ ವಿಷಯ ನಾನು ಮುಗಿಸುತ್ತೇನೆ. ಆ ಮಾತು ಸುಮ್ನೆ ಹೋಗಲಿಲ್ಲ. 1921ರಲ್ಲಿ ಕಪ್ಪು ಹೆಣ್ಣುಮಕ್ಕಳ ಕಸುಬಿನ ಶಾಲೆಗೆ ಕಾನೂನು ಆಯಿತು. ಹಳದಿ ಗುಲಾಬಿಯ ಹೆಂಗಸರ ಲೀಗ್ ಆಫ್ ವುಮೆನ್ ವೋಟರ್ಸ್ ಅದಕ್ಕೆ ಬೆನ್ನಿಗೆ ನಿಂತಿತು. 1923ರಲ್ಲಿ ಶಾಲೆ ತೆರೆಯಿತು. ಪಿಯರ್ಸ್ 1939ರವರೆಗೆ ಅದರ ಮೇಲ್ವಿಚಾರಕಿ.

ಹಾಸನದ_ಚೇತನ್

ಇದು ಗೊತ್ತಿರಲಿಲ್ಲ ಅಕ್ಕಾ. ಪರದೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ.

ಆದರೆ ಎಲ್ಲಾ ಕಡೆ ಹಾಗೆ ಆಗಲಿಲ್ಲವಲ್ಲ. ಇದೇ ಟೆನೆಸಿಯ ಫೇಯೆಟ್ ಜಿಲ್ಲೆಯಲ್ಲಿ 1960ರಲ್ಲಿ ಕಪ್ಪು ಗೇಣಿದಾರರು ವೋಟಿಗೆ ಹೆಸರು ಬರೆಸಿದರು ಎಂದು ಜಮೀನಿನ ಒಡೆಯರು ಅವರನ್ನು ಮನೆಯಿಂದ ಎಬ್ಬಿಸಿದರು. ಸಂಸಾರಗಳು ಚಳಿಗಾಲದಲ್ಲಿ ಗುಡಾರ ಹಾಕಿಕೊಂಡು ಬದುಕಿದವು. ಟೆಂಟ್ ಸಿಟಿ ಎಂದೇ ಹೆಸರಾಯಿತು. ಹೆಂಗಸರಿಗೆ ವೋಟು ಬಂದು ಆಗಲೇ ನಲವತ್ತು ವರ್ಷ. 1965ರ ಮತದಾನ ಹಕ್ಕಿನ ಕಾಯ್ದೆ ಬರುವವರೆಗೆ ದಕ್ಷಿಣದ ಬಹಳಷ್ಟು ಕಪ್ಪು ಹೆಂಗಸರಿಗೆ 1920 ಅನ್ನುವುದು ಕ್ಯಾಲೆಂಡರಿನ ಒಂದು ವರ್ಷ ಅಷ್ಟೇ.

ಕುಡ್ಲದ_ಪ್ರಮೀಳಾ

ಚರ್ಚೆ ಓದುತ್ತಾ ನಮ್ಮೂರ ಒಬ್ಬರು ನೆನಪಾದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಆಸ್ತಿ ಇದ್ದ ಹೆಂಗಸರಿಗೆ ವೋಟು ಬಂದದ್ದು 1921ರಲ್ಲಿ, ಟೆನೆಸಿಯ ಮರುವರ್ಷವೇ. 1926ರಲ್ಲಿ ಕಮಲಾದೇವಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು.

ಅದಕ್ಕಿಂತ ನೇರವಾದ ನಂಟು ಇನ್ನೊಂದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಅಮೆರಿಕ ಸುತ್ತಿದರು. ದಕ್ಷಿಣದಲ್ಲಿ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದಾಗ ಟಿಕೆಟ್ ನೋಡುವವನು ಬಂದು ಎದ್ದು ಬೇರೆ ಕಡೆ ಹೋಗಿ ಎಂದ. ಅವರು ಏಳಲಿಲ್ಲ. ಇವರು ಭಾರತದವರು ಎಂದು ಗೊತ್ತಾದ ಮೇಲೆ ಅವನ ದನಿ ಬದಲಾಯಿತು. ಭಾರತದವಳು, ಗಣ್ಯಳು ಎಂದು ಹೇಳಿಕೊಂಡು ಪಾರಾಗುವ ದಾರಿ ತೆರೆದೇ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ನಾನು ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದರು.

ನಾವು ಅಲ್ಲಿಗೆ ಹೋಗಿ ನೆಲೆಸಿದವರು ಇದನ್ನು ಮರೆಯಬಾರದು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. ಅದು ಬದಲಾದದ್ದು 1946ರಲ್ಲಿ. 1920ರ ಆ ಗುಲಾಬಿ ಯಾವ ಬಣ್ಣದ್ದು ಗೆದ್ದಿದ್ದರೂ ಸುಮಾ ಅವರಿಗೆ ಅಂದು ವೋಟು ಸಿಗುತ್ತಿರಲಿಲ್ಲ.

ನಿವೃತ್ತ_ಮೇಷ್ಟ್ರು

ಪ್ರಮೀಳಾ ಅವರಿಗೆ ವಂದನೆ. ಇದನ್ನು ತರಗತಿಯಲ್ಲಿ ಹೇಳುವ ಅವಕಾಶ ಈಗ ನನಗಿಲ್ಲ, ಮೊಮ್ಮಗಳಿಗೆ ಹೇಳುತ್ತೇನೆ.

49–47 ಆದ ಕೂಡಲೇ ಎಲ್ಲ ಮುಗಿಯಿತು ಎಂದು ಸುಮಾ ಅವರು ಬರೆದಿದ್ದಾರೆ. ಮುಗಿಯಲಿಲ್ಲ. ವಾಕರ್ ತಕ್ಷಣ ತನ್ನ ವೋಟನ್ನು "ಆಯ್" ಎಂದು ಬದಲಿಸಿದ. ಮನಸ್ಸು ಬದಲಾಗಿ ಅಲ್ಲ. ಮರುಪರಿಶೀಲನೆ ಕೇಳಬೇಕಾದರೆ ಗೆದ್ದ ಕಡೆ ಇರಬೇಕು, ಅದಕ್ಕೆ. ಆದರೆ ಇದರಿಂದ 99ರಲ್ಲಿ 50 ಆಯಿತು, ಒಟ್ಟು ಸದಸ್ಯರ ಬಹುಮತವೇ ಸಿಕ್ಕಿತು. ತೋಡಿದ ಗುಂಡಿಗೆ ತಾನೇ ಬಿದ್ದ.

ಆಮೇಲೆ ಹ್ಯಾರಿ ಬರ್ನ್ ಲಂಚ ತಿಂದ ಎಂದು ಹುಯಿಲೆಬ್ಬಿಸಿದರು. ಅವನು ಮರುದಿನ ಸದನದಲ್ಲಿ ಹೇಳಿಕೆ ಕೊಟ್ಟು, ಅಮ್ಮನ ಮಾತು ಕೇಳುವುದು ಮಗನಿಗೆ ಯಾವತ್ತೂ ಕ್ಷೇಮ ಎಂದ. ಕೋರಂ ಮುರಿಯಲು ಕೆಂಪು ಗುಲಾಬಿಯ ಶಾಸಕರು ರಾತ್ರೋರಾತ್ರಿ ರೈಲು ಹತ್ತಿ ಅಲಬಾಮಾದ ಡೆಕೇಟರ್‌ಗೆ ಓಡಿದರು. ಈಗ ನಮ್ಮಲ್ಲಿ ಶಾಸಕರನ್ನು ರೆಸಾರ್ಟಿಗೆ ಕಳಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಉಳಿದವರು ಅವರಿಲ್ಲದೆಯೇ ಮರುಪರಿಶೀಲನೆಯನ್ನು ತಳ್ಳಿಹಾಕಿದರು. ಗವರ್ನರ್ 24ಕ್ಕೆ ಸಹಿ ಹಾಕಿದರು. 26ರ ಬೆಳಗ್ಗೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಡ್ಜ್ ಕೋಲ್ಬಿ ತಮ್ಮ ಮನೆಯಲ್ಲೇ, ಯಾವ ಸಮಾರಂಭವೂ ಇಲ್ಲದೆ ಸಹಿ ಹಾಕಿದರು. ವಿರೋಧಿಗಳು ಕೋರ್ಟಿಗೂ ಹೋದರು. 1922ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಬರ್ನ್ ಆ ವರ್ಷ ಮತ್ತೆ ಗೆದ್ದ. ಅಧಿವೇಶನ ಕರೆದ ರಾಬರ್ಟ್ಸ್ ಸೋತರು.

ಹುಬ್ಬಳ್ಳಿ_ವಿದ್ಯಾ

ಸುಮಾ ಅಕ್ಕಾ, ಒಂದು ಕೇಳಲೇ? ನಿಮ್ಮ ಸೋದರತ್ತೆ ನಿಮ್ಮನ್ನು ಯಾಕೆ ಕಾಲೇಜಿಗೆ ಬೇಡ ಅಂದರು? ಅವರಿಗೆ ಯಾವುದರ ಹೆದರಿಕೆ ಇತ್ತು?

ಸುಮಾ_ನ್ಯಾಶ್‌ವಿಲ್

ನಿನ್ನ ಪ್ರಶ್ನೆ ಓದಿ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ ವಿದ್ಯಾ. ಇಪ್ಪತ್ತೈದು ವರ್ಷ ನಾನೇ ಕೇಳಿರಲಿಲ್ಲ.

ಅಮ್ಮ ಮೊದಲು ಹಳೇ ಕಾಲದವರು ಬಿಡು ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು. ನನ್ನ ಕಾಲೇಜಿನ ಬಸ್ಸು ಕೇರಿಯ ಮುಂದೆ ನಿಲ್ಲುತ್ತಿತ್ತು. ಕೇರಿಯ ಇಬ್ಬರು ಹುಡುಗಿಯರೂ ಅದೇ ವರ್ಷ ಅದೇ ಕಾಲೇಜಿಗೆ ಸೇರಿದ್ದರು. "ಒಂದೇ ಸೀಟಲ್ಲಿ ಕೂತ್ಕೊಂಡು ಬರ್ತಾಳೆ, ಒಂದೇ ಡಬ್ಬಿಯಲ್ಲಿ ಉಣ್ತಾಳೆ" ಎಂದು ಅತ್ತೆ ಅಪ್ಪನ ಹತ್ತಿರ ಹೇಳಿದ್ದರಂತೆ.

ಆ ಇಬ್ಬರಲ್ಲಿ ಒಬ್ಬಳು ಮೂರು ವರ್ಷ ನನ್ನ ಪಕ್ಕದಲ್ಲೇ ಕೂತಳು. ಅವಳ ಡಬ್ಬಿಯ ಹುಣಸೆ ತೊಕ್ಕಿನ ರುಚಿ ಈಗಲೂ ನಾಲಗೆಯ ಮೇಲಿದೆ. ಅತ್ತೆಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಮೆಂಫಿಸ್_ಸವಿತಾ

ಸುಮಾ ಅವರೇ, ನಿಮ್ಮ ಗೆಳತಿ ಈಗ ಎಲ್ಲಿದ್ದಾರೆ?

ಸುಮಾ_ನ್ಯಾಶ್‌ವಿಲ್

ತಾಲ್ಲೂಕಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯ ಕೆಲಸ ಅವಳಿಗೇ ಬೀಳುತ್ತದೆ. ಬೆರಳಿಗೆ ಶಾಯಿ ಹಾಕುವ ಮೇಜಿನ ಹತ್ತಿರ ಕೂತಿದ್ದೇನೆ ಎಂದು ಹೋದ ಸಲ ಫೋಟೋ ಕಳಿಸಿದ್ದಳು. ಈ ಚರ್ಚೆಯ ಕೊಂಡಿ ಅವಳಿಗೆ ಈಗಷ್ಟೇ ಕಳಿಸಿದೆ. ಓದಿ ಬರೆಯುತ್ತೇನೆ ಅಂದಿದ್ದಾಳೆ, ಪರೀಕ್ಷೆಯ ಪೇಪರು ತಿದ್ದುವುದು ಮುಗಿಯಲಿ.